ಡಾಕ್ಟರಮ್ಮನ ಸ್ಪ್ಯಾನಿಷ್ ತಾರೀಖುಗಳು

ಮಾನ್ವಿಯ ಆ ಸಣ್ಣ ದವಾಖಾನೆಯಲ್ಲಿ ನಾನು ನರ್ಸಾಗಿದ್ದಷ್ಟು ವರ್ಷವೂ ಮೊದಲು ಮೈ ಜುಮ್ಮೆನ್ನಿಸಿ ಆಮೇಲೆ ನಗಿಸುವ ಸಂಗತಿಗಳು ಒಂದರ ಹಿಂದೊಂದು ನಡೆಯುತ್ತಲೇ ಇದ್ದವು. ಕೆಲವಕ್ಕೆ ನಗು ಬರಲು ವಾರಗಟ್ಟಲೆ ಹಿಡಿಯಿತು. ಒಂದೆರಡಕ್ಕೆ ಈಗಲೂ ಪೂರ್ತಿ ಬಂದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನಲ್ಲಿ ಓದು ಮುಗಿಸಿದ ನನಗೆ ಸಿಕ್ಕ ಮೊದಲ ಕೆಲಸ ಅದು. ದವಾಖಾನೆ ನಡೆಸುತ್ತಿದ್ದವರು ಮೆಕ್ಸಿಕೊ ದೇಶದಿಂದ ಬಂದ ಕ್ರೈಸ್ತ ಸನ್ಯಾಸಿನಿ, ಓದಿ ಡಾಕ್ಟರಾದವರು. ಊರೆಲ್ಲ ಡಾಕ್ಟರಮ್ಮ ಅನ್ನುತ್ತಿತ್ತು. ಅಡುಗೆಯವಳಿಂದ ಕನ್ನಡ ಕಲಿತಿದ್ದರಿಂದ "ಬರ್ರಿ, ಕೂಡ್ರಿ, ನಾಲಿಗಿ ತಗೀರಿ" ಅನ್ನುವುದೆಲ್ಲ ಮಾನ್ವಿಯವರ ಹಾಗೇ ಅವರ ಬಾಯಲ್ಲಿ ಬರುತ್ತಿತ್ತು. ಆದರೆ ವಾರ, ತಾರೀಖು, ತಿಂಗಳು ಮಾತ್ರ ಹುಟ್ಟಿದೂರಿನ ಸ್ಪ್ಯಾನಿಷ್‌ನಲ್ಲೇ. ಇಂಗ್ಲಿಷಿನಲ್ಲಿ ಹೇಳಲು ಅವರಿಗೆ ಬರುತ್ತಿತ್ತು, ಆದರೆ ಅವಸರದಲ್ಲಿ ಮರೆತುಬಿಡುತ್ತಿದ್ದರು. ಅವಸರ ಇಲ್ಲದ ದಿನವನ್ನು ನಾನು ಆ ದವಾಖಾನೆಯಲ್ಲಿ ನೋಡಲಿಲ್ಲ.

ಹಾಗಾಗಿ ಅವರ ಪಕ್ಕ ನಿಂತು ತಾರೀಖನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸವಾಯಿತು. ಅವರೇ ಕೂಡಿಸಿಕೊಂಡು ಕಲಿಸಿದರು. ಮೊದಲು 'ಎಲ್' ಅನ್ನಬೇಕು, ಆಮೇಲೆ ದಿನದ ಎಣಿಕೆ, ನಡುವೆ 'ದೆ', ಕೊನೆಗೆ ತಿಂಗಳು. ಮೇ ಮೂರು ಅಂದರೆ 'ಎಲ್ ತ್ರೇಸ್ ದೆ ಮಾಯೊ'. ತಿಂಗಳ ಮೊದಲ ದಿನಕ್ಕೆ ಮಾತ್ರ 'ಪ್ರಿಮೇರೊ', ಅಂದರೆ ಒಂದನೆಯದು. ಉಳಿದವಕ್ಕೆ ಎರಡನೆಯದು, ಮೂರನೆಯದು ಅನ್ನುವುದಿಲ್ಲ, ಬರೇ ಎರಡು, ಮೂರು. ವರ್ಷವನ್ನು ಇಂಗ್ಲಿಷಿನವರ ಹಾಗೆ ಎರಡು ತುಂಡು ಮಾಡುವುದಿಲ್ಲ. ನಮ್ಮ ಹಾಗೇ ಸಾವಿರದ ಒಂಬೈನೂರರಿಂದ ಶುರು ಮಾಡುತ್ತಾರೆ. ಇಷ್ಟೇ ವ್ಯಾಕರಣ. ಇವತ್ತು ಅನ್ನುವುದಕ್ಕೆ ಅವರು 'ಒಯ್' ಅನ್ನುತ್ತಿದ್ದರು. ಬೆಳಿಗ್ಗೆ ಬಂದವರೇ ಗೋಡೆಯ ಕ್ಯಾಲೆಂಡರ್ ನೋಡಿ "ಒಯ್" ಅಂದರೆ ಸಾಕು, ಕಸ ಗುಡಿಸುವ ಮುದುಕಿ "ಬಂದ್ನಿ ಯವ್ವಾ" ಅಂತ ಪೊರಕೆ ಸಮೇತ ಓಡಿ ಬರುತ್ತಿದ್ದಳು. ಇದರಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಆದದ್ದೆಲ್ಲ ನಾನು ಪಕ್ಕದಲ್ಲಿ ಇಲ್ಲದಾಗ.

ಹೂಲಿಯೊ

ವಾರಕ್ಕೊಮ್ಮೆ ದೇವದುರ್ಗದ ಕಡೆ, ಕೃಷ್ಣಾ ದಂಡೆಯ ಒಂದು ಹಳ್ಳಿಗೆ ಜೀಪಿನಲ್ಲಿ ಹೋಗುತ್ತಿದ್ದೆವು. ಡ್ರೈವರ್ ರಾಯಚೂರಿನ ವಯಸ್ಸಾದ ಸಾಹೇಬರು, ನಮಗೆಲ್ಲ ಚಾಚಾ. ಊರ ನಡುವಿನ ಕಟ್ಟೆಯ ಮೇಲೆ ಔಷಧಿ ಪೆಟ್ಟಿಗೆ ಇಳಿಸಿದರೆ ಅದೇ ದವಾಖಾನೆ.

ಜೂನ್ ಮುಗಿಯಲು ಬಂದಿತ್ತು. ಬಸುರಿ ಹೆಂಡತಿಯನ್ನು ಕರೆತಂದಿದ್ದ ರೈತನೊಬ್ಬ ಮತ್ತೆ ಯಾವಾಗ ಬರಬೇಕು ಅಂತ ಕೇಳಿದ. ನಾನು ಸೂಜಿ ಕುದಿಸಲು ನೀರು ತರಲು ಹೋಗಿದ್ದೆ. ಡಾಕ್ಟರಮ್ಮ "ಎಲ್ ಪ್ರಿಮೇರೊ ದೆ ಹೂಲಿಯೊ" ಅಂದರು. ಜುಲೈ ಒಂದು. ಮುಂದಿನ ವಾರ ಅನ್ನುವ ಅರ್ಥದಲ್ಲಿ ಕೈಯನ್ನು ಮುಂದಕ್ಕೆ ಚಾಚಿದರು. ಅವರ ಮುಂದಿದ್ದದ್ದು ಹೊಳೆ. ರೈತ ಹೊಳೆಯ ಕಡೆ ನೋಡಿದ, ಹೆಂಡತಿಯ ಕೈ ಹಿಡಿದುಕೊಂಡ, ಹಿಂದೆ ನೋಡದೆ ಮನೆಗೆ ನಡೆದ.

ಮುಂದಿನ ವಾರ ನಾವು ಹೋದಾಗ ಹಾಡಹಗಲು. ಊರಲ್ಲಿ ಒಂದು ಜೀವ ಇಲ್ಲ. ಬಾವಿಯ ಹತ್ತಿರ ತುಂಬಿದ ಕೊಡ ಹಾಗೇ ಕೂತಿದೆ. ಒಂದು ಮನೆಯ ಮುಂದೆ ರೊಟ್ಟಿಯ ಒಲೆ ಇನ್ನೂ ಹೊಗೆಯಾಡುತ್ತಿದೆ, ತವೆಯ ಮೇಲಿನ ರೊಟ್ಟಿ ಕರಕಾಗಿದೆ, ಮಾಡುವವಳಿಲ್ಲ. ನಾಯಿಗಳೂ ಬೊಗಳಲಿಲ್ಲ. ಚಾಚಾ ಹಾರ್ನ್ ಹೊಡೆದರು. ಎಲ್ಲೋ ಒಂದು ಮಗು ಅಳಲು ಶುರು ಮಾಡಿತು, ಅಷ್ಟರಲ್ಲಿ ಯಾರೋ ಅದರ ಬಾಯಿ ಮುಚ್ಚಿದರು. ಆ ಅಳು ಅರ್ಧಕ್ಕೆ ನಿಂತದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಕೊನೆಗೆ ಒಂದು ಮಾಳಿಗೆಯ ಮೇಲಿಂದ ತಲೆಯೊಂದು ಕಂಡಿತು. ಊರಿನ ಹಿರಿಯ. ಜೀಪಿನಿಂದ ಇಳಿಯಬೇಡಿ ಅಂತ ಸನ್ನೆ ಮಾಡಿದ. ಹೊಳೆ ದಂಡೆಗೆ ಹುಲಿ ಬಂದಿದೆಯಂತೆ. ಹೆಜ್ಜೆ ಗುರುತು ನೋಡಿದವರಿದ್ದಾರೆ, ಒಂದು ಆಡೂ ಹೋಗಿದೆ, ಈಗ ತಾನೇ ಗುಟುರು ಕೇಳಿ ಎಲ್ಲರೂ ಒಳಗೆ ಸೇರಿ ಕದ ಹಾಕಿಕೊಂಡಿದ್ದಾರೆ. ಇಷ್ಟು ಕೇಳಿ ಡಾಕ್ಟರಮ್ಮ ಕಾಲು ಮೇಲೆ ಎಳೆದುಕೊಂಡು ಕೂತರು. ಚಾಚಾ ಪರದೆ ಇಳಿಬಿಟ್ಟರು, ಆ ಜೀಪಿಗೆ ಗಾಜು ಇರಲಿಲ್ಲ. ಮೊದಲು ನೋಡಿದವರು ಯಾರು ಅಂತ ನಾನು ಕೇಳಿದೆ.

"ಯಾರು ನೋಡ್ಯಾರವ್ವಾ, ಡಾಕ್ಟರಮ್ಮನ ಹೇಳಿದ್ರಲ್ಲ. ಊರ ಮೇರಿಗೆ ಹುಲಿ ಅಂತ ಕೈ ಮಾಡಿ ತೋರಿಸಿದ್ರು."

ಡಾಕ್ಟರಮ್ಮ ನನ್ನ ಮುಖ ನೋಡಿದರು. ತಾನು ಹುಲಿ ನೋಡಿದ್ದು ತನಗೇ ನೆನಪಿಲ್ಲವಲ್ಲ ಎಂಬ ಭಯ ಆ ಮುಖದಲ್ಲಿತ್ತು. ಪ್ರಿಮೇರೊ ಊರ ಮೇರೆಯಾಗಿತ್ತು, ಹೂಲಿಯೊ ಹುಲಿಯಾಗಿತ್ತು. ಮಾಳಿಗೆಯ ಕಡೆ ಮುಖ ಎತ್ತಿ ನಾನು ಎಲ್ಲ ಬಿಡಿಸಿ ಹೇಳಿದೆ. ಹೂಲಿಯೊ ಅಂದರೆ ಅವರ ಭಾಷೆಯಲ್ಲಿ ಜುಲೈ ತಿಂಗಳು, ಮತ್ತೇನಲ್ಲ. ಕದಗಳು ಒಂದೊಂದಾಗಿ ತೆರೆದವು. ಹೋಗಿದ್ದ ಆಡು ಒಬ್ಬರ ಕೊಟ್ಟಿಗೆಯಿಂದ ತಾನೇ ಹೊರಬಂತು.

ಹಿರಿಯ ಮಾತ್ರ ಮಾಳಿಗೆಯಿಂದ ಇಳಿಯಲಿಲ್ಲ. ಅಲ್ಲಿಂದಲೇ, "ತಿಂಗಳಿಗೆ ಹುಲಿ ಅಂತ ಹೆಸರಿಟ್ಟಾರಂದ್ರ ಸುಮ್ಮನ ಇಟ್ಟಿರಂಗಿಲ್ಲ. ಅದು ಮುಗೀಲಿ, ಆಮ್ಯಾಲ ಬರ್ತೀವಿ" ಅಂದ. ಜುಲೈ ಪೂರ್ತಿ ಆ ಊರಿನಲ್ಲಿ ಒಬ್ಬರೂ ಕಟ್ಟೆಗೆ ಬರಲಿಲ್ಲ. ಬಸುರಿಯನ್ನು ಅವಳ ಮನೆಗೇ ಹೋಗಿ ನೋಡಿದೆವು.

ಮನ್ಯಾನ

ನಾಳೆ ಅನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ 'ಮನ್ಯಾನ'. ನಮ್ಮ ಕಡೆ ಮನ್ಯಾನ ಅಂದರೆ ಮನೆಯಲ್ಲಿರುವಂಥದ್ದು. ಇದು ಎಂಥ ಅನಾಹುತ ಅಂತ ನನಗೆ ಹೊಳೆದದ್ದು ತಡವಾಗಿ.

ಮಾನ್ವಿಯ ಹಳೇ ಓಣಿಯ ಅತ್ತೆಯೊಬ್ಬಳು ಸೊಸೆಯನ್ನು ಕರೆತಂದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹುಡುಗಿ ಕಡ್ಡಿಯಾಗಿದ್ದಳು. ನಿದ್ದೆ ಇಲ್ಲ, ಊಟ ಇಲ್ಲ, ಕೇಳಿದ್ದಕ್ಕೆ ಉತ್ತರ ಇಲ್ಲ. ಯಾರಾದರೂ ಹಿಂದೆ ನಿಂತರೆ ಬೆಚ್ಚುತ್ತಿದ್ದಳು. ಡಾಕ್ಟರಮ್ಮ ರಕ್ತ ತೆಗೆದು ಶೀಶೆಗೆ ಹಾಕಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಒಂದು ಮಗುವಿನ ಗಾಯ ಕಟ್ಟುತ್ತಿದ್ದೆ.

"ಏನಾಗ್ಯಾದ್ರಿ ಇಕಿಗೆ?" ಅಂತ ಅತ್ತೆ ಕೇಳಿದಳು.

"ಮನ್ಯಾನ" ಅಂದರು ಡಾಕ್ಟರಮ್ಮ. ನಾಳೆ ಹೇಳುತ್ತೇನೆ ಅಂತ.

ಅತ್ತೆಯ ಮುಖ ಬಿಳಿಚಿತು. ಹುಡುಗಿ ಮಾತ್ರ ಅಷ್ಟು ದಿನದಲ್ಲಿ ಮೊದಲ ಸಲ ತಲೆ ಎತ್ತಿ, "ನಾ ಹೇಳಿದ್ನಿಲ್ಲ ಅತ್ತಿ" ಅಂದಳು.

ಅವರ ಮನೆ ಕಲ್ಲಿನ ಹಳೇ ಮನೆ. ಒಳಗೆ ಕಾಳು ತುಂಬಿಡುವ ಒಂದು ಕತ್ತಲೆ ಕೋಣೆ. ಮಧ್ಯಾಹ್ನ ಗಂಡಸರೆಲ್ಲ ಹೊರಗೆ ಹೋದ ಮೇಲೆ ಆ ಕೋಣೆಯೊಳಗಿಂದ ಕೆರೆಯುವ ಸದ್ದು, ಆಮೇಲೆ ಮೆಲ್ಲಗೆ ಉಸಿರಾಡುವ ಸದ್ದು ಬರುತ್ತಿತ್ತಂತೆ. ಸೊಸೆ ಹೇಳಿದ್ದಕ್ಕೆ ಅತ್ತೆ ಇಲಿ ಅಂದಿದ್ದಳು. ಈಗ ರಕ್ತ ನೋಡಿ ಡಾಕ್ಟರೇ ಹೇಳಿದ ಮೇಲೆ ಇಲಿ ಅನ್ನಲು ಧೈರ್ಯ ಆಗಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ಒಬ್ಬಳೇ ಓಡುತ್ತ ಬಂದಳು. ಬರಬೇಕು, ಈಗಲೇ ಬರಬೇಕು, ಸದ್ದು ಶುರುವಾಗಿದೆ ಅಂದಳು. ಹುಡುಗಿಗೆ ಉಸಿರು ಕಟ್ಟಿದೆ ಅಂತ ಡಾಕ್ಟರಮ್ಮ ತಿಳಿದರು. ನಾವಿಬ್ಬರೂ ಚೀಲ ಹಿಡಿದು ಹೋದೆವು. ಪಡಸಾಲೆಯಲ್ಲಿ ಸೊಸೆ ಕಂಬ ಹಿಡಿದು ನಿಂತಿದ್ದಳು, ಬಾಗಿಲಲ್ಲಿ ನೆರೆಯ ಹೆಂಗಸರು. ಆಗ ನನಗೂ ಕೇಳಿಸಿತು. ಕತ್ತಲೆ ಕೋಣೆಯ ಮುಚ್ಚಿದ ಕದದ ಹಿಂದೆ ಕೆರ ಕೆರ ಅನ್ನುವ ಸದ್ದು. ನಿಂತಿತು. ಆಮೇಲೆ ಒಂದು ದೀರ್ಘ ಉಸಿರು. ಆ ಉಸಿರಲ್ಲಿ ಎಂಥದೋ ತೃಪ್ತಿ ಇತ್ತು.

ಡಾಕ್ಟರಮ್ಮ ಕೊರಳಿನ ಶಿಲುಬೆ ಮುಟ್ಟಿಕೊಂಡು ಕದ ದೂಡಿದರು. ಒಳಗೆ ಕಾಳಿನ ಮೂಟೆಗಳ ಹಿಂದೆ ಎರಡು ಕಣ್ಣು ಹೊಳೆದವು. ಹೆಂಗಸರು ಚೀರಿದರು. ಬೆಳಕು ಬಿದ್ದ ಮೇಲೆ ನೋಡಿದರೆ, ಮೊಣಕೈತನಕ ಅಂಟಂಟು, ಗಡ್ಡದ ತುಂಬ ಬೆಲ್ಲ, ಕೈಯಲ್ಲಿ ಕುಡುಗೋಲು. ಮಾವ. ಸಕ್ಕರೆ ಕಾಯಿಲೆ ಅಂತ ನಮ್ಮ ಡಾಕ್ಟರಮ್ಮನೇ ಅವನಿಗೆ ಸಿಹಿ ಬಿಡಿಸಿದ್ದರು. ಊಟ ಮಾಡಿ ಸಂತೆಗೆ ಹೋಗುತ್ತೇನೆ ಅಂತ ಮುಂಬಾಗಿಲಿನಿಂದ ಹೊರಟು, ಹಿತ್ತಲಿನಿಂದ ಒಳಗೆ ಬಂದು, ಬೆಲ್ಲದ ಪೆಂಟೆಯನ್ನು ಕೆರೆದು ತಿಂದು ಉಸಿರು ಬಿಡುತ್ತಿದ್ದನಂತೆ.

ಹುಡುಗಿ ಅವತ್ತೇ ಹೊಟ್ಟೆ ತುಂಬ ಉಂಡಳು. ರಕ್ತದಲ್ಲಿ ಏನೂ ದೋಷ ಇರಲಿಲ್ಲ. ಅತ್ತೆ ಮಾತ್ರ ಓಣಿಯ ಕೊನೆವರೆಗೆ ನಮ್ಮನ್ನು ಕಳಿಸಲು ಬಂದು, ಕಂಡವರಿಗೆಲ್ಲ ಹೇಳುತ್ತಿದ್ದಳು: "ಸೊಸಿ ರಕ್ತ ನೋಡಿ ಮಾವನ್ನ ಹಿಡದ್ರು ನೋಡ್ರಿ."

ಮಂಗಳವಾರ ಹದಿಮೂರು

ಡಾಕ್ಟರಮ್ಮ ಧೈರ್ಯಸ್ಥೆ, ಆದರೆ ಒಂದು ದಿನಕ್ಕೆ ಹೆದರುತ್ತಿದ್ದರು. ಅವರ ದೇಶದಲ್ಲಿ ಮಂಗಳವಾರ ಮತ್ತು ಹದಿಮೂರನೇ ತಾರೀಖು ಒಂದೇ ದಿನ ಬಂದರೆ ಯಾರೂ ಪ್ರಯಾಣ ಹೊರಡುವುದಿಲ್ಲವಂತೆ. 'ಮಾರ್ತೆಸ್ ತ್ರೇಸೆ' ಅನ್ನುವಾಗ ದನಿ ಇಳಿಸುತ್ತಿದ್ದರು. ಚಾಚಾಗೆ ಅಮಾವಾಸ್ಯೆ. ಅವತ್ತು ಜೀಪಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟದೆ ಚಾವಿ ತಿರುಗಿಸುತ್ತಿರಲಿಲ್ಲ.

ಒಂದು ಸಲ ಎರಡೂ ಒಂದೇ ದಿನ ಬಂದವು. ಅವತ್ತೇ ರಾಯಚೂರಿನಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಸುದ್ದಿ ತಂದ. ರಾಯಚೂರಿನ ಹೊರಗಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮ್ಮ ಹತ್ತಿರವೇ ತೋರಿಸಿಕೊಳ್ಳುತ್ತಿದ್ದ ಹೆಂಗಸಿಗೆ ನೋವು ಶುರುವಾಗಿದೆ. ಹಿಂದಿನ ಎರಡು ಕೂಸು ಉಳಿದಿರಲಿಲ್ಲ. ಡಾಕ್ಟರಮ್ಮ ಕ್ಯಾಲೆಂಡರ್ ನೋಡಿದರು, ಚಾಚಾ ಆಕಾಶ ನೋಡಿದರು, ಇಬ್ಬರೂ ಜೀಪು ಹತ್ತಿದರು. ನಿಂಬೆಹಣ್ಣು ಸಿಕ್ಕಿರಲಿಲ್ಲ.

ನೆತ್ತಿ ಸುಡುವ ಬಿಸಿಲು. ರಾಯಚೂರು ಇನ್ನೇನು ಹತ್ತಿರ ಬಂತು ಅನ್ನುವಾಗ ರಸ್ತೆಯ ನಡುವೆ ಬೆಳ್ಳಗೆ ಒಂದು ಆಕಾರ ನಿಂತಿತ್ತು. ಬಟ್ಟೆ ಬಿಳಿ, ಮುಖ ಬಿಳಿ, ಕೂದಲು ಬಿಳಿ. ಹುಬ್ಬು ಕಾಣಲಿಲ್ಲ. ಎರಡೂ ಕೈ ಮೇಲೆತ್ತಿ ಬಾಯಿ ತೆರೆದು ಏನೋ ಹೇಳುತ್ತಿತ್ತು, ದನಿ ಬರುತ್ತಿರಲಿಲ್ಲ. ಚಾಚಾ ಜೀಪನ್ನು ಹೊಲಕ್ಕಿಳಿಸಿ ಅದನ್ನು ದಾಟಿಸಿ ಮತ್ತೆ ರಸ್ತೆಗೆ ತಂದರು. ಹಿಂದೆ ತಿರುಗಿ ನೋಡಿದೆ. ಅದು ಓಡಿಬರುತ್ತಿತ್ತು. ನೋಡಬೇಡ ಅಂತ ಡಾಕ್ಟರಮ್ಮ ನನ್ನ ತಲೆಯನ್ನು ಮುಂದಕ್ಕೆ ತಿರುಗಿಸಿದರು. ರಸ್ತೆ ಒಂದು ದೊಡ್ಡ ಸುತ್ತು ಹಾಕಿ ತಿರುಗಿತು. ತಿರುವಿನಾಚೆ ಅದು ನಮಗಿಂತ ಮೊದಲೇ ಬಂದು ನಿಂತಿತ್ತು.

"ಹಿಂದಿದ್ದಾಂವ ಮುಂದ ಬಂದಾನ" ಅಂದರು ಚಾಚಾ. ಮುಂದಿನದೆಲ್ಲ ಉರ್ದುವಿನಲ್ಲಿ ಪ್ರಾರ್ಥನೆ. ಡಾಕ್ಟರಮ್ಮನದು ಸ್ಪ್ಯಾನಿಷ್‌ನಲ್ಲಿ. ನನ್ನದು ಯಾವ ಭಾಷೆಯಲ್ಲಿತ್ತೋ ಗೊತ್ತಿಲ್ಲ. ಮತ್ತೆ ಹೊಲಕ್ಕಿಳಿದು ದಾಟಿದೆವು.

ಓಣಿ ಮುಟ್ಟಿದಾಗ ಹೆರಿಗೆ ತೀರ ಸಮೀಪಕ್ಕೆ ಬಂದಿತ್ತು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಡಾಕ್ಟರಮ್ಮ ಬಳ್ಳಿ ಬಿಡಿಸುತ್ತ, ತಲೆ ಅಲ್ಲಾಡಿಸುತ್ತ "ಮಾರ್ತೆಸ್, ಮಾರ್ತೆಸ್" ಅನ್ನುತ್ತಿದ್ದರು. ಗಂಡುಕೂಸು, ನೀಲಿಗಟ್ಟಿತ್ತು. ಬೆನ್ನು ತಿಕ್ಕಿದೆವು. ಅತ್ತಿತು. ಆ ಅಳುವಿನ ಹಿಂದೆಯೇ ಬಾಗಿಲು ತೆರೆದುಕೊಂಡಿತು. ಆ ಬಿಳಿ ಆಕಾರ ಏದುಸಿರು ಬಿಡುತ್ತ ಹೊಸ್ತಿಲಲ್ಲಿ ನಿಂತಿತ್ತು. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿದೆ. ಬಾಣಂತಿ ಮಾತ್ರ ಮಲಗಿದ್ದಲ್ಲಿಂದಲೇ ಅದನ್ನು ಬೈದಳು. ಮೈ ತೊಳಕೊಂಡು ಒಳಗೆ ಬಾ ಅಂದಳು.

ಅವಳ ಗಂಡ. ಮಿಲ್ಲಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರದ ಹತ್ತಿರ ಕೆಲಸ. ಸುದ್ದಿ ಕೇಳಿ ಮೈಮೇಲಿನ ಹತ್ತಿಯ ಎಳೆ ಝಾಡಿಸದೆ ಓಡಿಬಂದು, ನಮಗೆ ಮನೆ ದಾರಿ ತೋರಿಸಲು ರಸ್ತೆಯಲ್ಲಿ ನಿಂತಿದ್ದ. ಹತ್ತಿ ಹೊಕ್ಕು ಗಂಟಲು ಕಟ್ಟಿತ್ತು. ನಾವು ನಿಲ್ಲಿಸದ್ದನ್ನು ನೋಡಿ ಹೊಲ ಹಾದು ಅಡ್ಡದಾರಿಯಲ್ಲಿ ಮುಂದೆ ಬಂದಿದ್ದ. ಜೀಪು ಯಾಕೆ ಎರಡು ಸಲ ಹೊಲಕ್ಕಿಳಿಯಿತು ಅಂತ ಅವನಿಗೆ ಅರ್ಥವಾಗಿರಲಿಲ್ಲ. ಡ್ರೈವರಿಗೆ ಕಣ್ಣು ತೋರಿಸಿ ಅಂತ ಡಾಕ್ಟರಮ್ಮನಿಗೆ ಹೇಳಿದ.

ಕೂಸು ಬದುಕಿತು, ಚೆನ್ನಾಗಿ ಬೆಳೆಯಿತು. ಅದರ ಹೆಸರು ಮಾರೆಪ್ಪ. ಹುಟ್ಟುವಾಗ ಡಾಕ್ಟರಮ್ಮನೇ ಆ ಹೆಸರು ಹಿಡಿದು ಕರೆದರಂತೆ, ಒಂದಲ್ಲ, ಎರಡು ಸಲ.

ಎಲ್ ದೋಸೆ

ಎಂಬತ್ತರ ದಶಕ ಶುರುವಾದ ಮೇಲಿನ ಮಾತು. ನವೆಂಬರ್ ಎರಡು, 'ಎಲ್ ದೋಸ್ ದೆ ನೊವಿಯೆಂಬ್ರೆ', ಡಾಕ್ಟರಮ್ಮನ ದೇಶದಲ್ಲಿ ಸತ್ತವರು ಮನೆಗೆ ಬರುವ ದಿನ. ನಾವು ಹಿರಿಯರಿಗೆ ಎಡೆ ಇಡುವ ಹಾಗೆ ಅವರೂ ಇಡುತ್ತಾರೆ. ಚೆಂಡು ಹೂವಿನ ವಾಸನೆ ಹಿಡಿದು ಸತ್ತವರು ದಾರಿ ಕಂಡುಕೊಳ್ಳುತ್ತಾರಂತೆ. ಪ್ರತಿ ವರ್ಷ ಅವರು ಕೋಣೆಯ ಮೇಜಿನ ಮೇಲೆ ಅಪ್ಪನ ಫೋಟೊ ಇಟ್ಟು, ಚೆಂಡು ಹೂವು ಸುತ್ತಿ, ಒಂದು ಲೋಟ ನೀರು, ಸ್ವಲ್ಪ ಉಪ್ಪು, ಒಂದು ಮೇಣದಬತ್ತಿ ಇಡುತ್ತಿದ್ದರು. ಆ ದಿನಗಳಲ್ಲಿ ಅವರ ಮುಖ ಬಾಡಿರುತ್ತಿತ್ತು.

ಆ ವರ್ಷ ವಾರ್ಡಿನಲ್ಲಿ ಒಬ್ಬ ಮುದುಕನಿದ್ದ. ನಿಮೋನಿಯಾ ಆಗಿ ಬಂದವನು ಗುಣವಾಗುತ್ತಿದ್ದ. ಗಂಜಿ ಬಿಟ್ಟು ಬೇರೆ ಕೊಡುವುದಿಲ್ಲ ಅನ್ನುವುದೊಂದೇ ಅವನ ತಕರಾರು. ನವೆಂಬರ್ ಒಂದರಂದು ನಾನು ಔಷಧಿ ತರಲು ರಾಯಚೂರಿಗೆ ಹೋಗಿದ್ದೆ. ಮುದುಕನ ಇಬ್ಬರು ಮಕ್ಕಳು ಡಾಕ್ಟರಮ್ಮನನ್ನು ತಡೆದು, ಅಪ್ಪನದು ಮುಂದೇನು ಅಂತ ಕೇಳಿದರು. ಅವರು ಕಿಟಕಿಯಾಚೆ ನೋಡಿದರು, ದೊಡ್ಡ ನಿಟ್ಟುಸಿರು ಬಿಟ್ಟರು, "ಎಲ್ ದೋಸೆ" ಅಂದು ಹೊರಟುಹೋದರು. ಹನ್ನೆರಡನೇ ತಾರೀಖು ಮನೆಗೆ ಕರೆದೊಯ್ಯಿರಿ ಅನ್ನುವುದು ಅವರ ಮಾತು.

ನಮ್ಮ ಕಡೆ ಡಾಕ್ಟರು ಪಥ್ಯ ಬಿಡಿಸಿ ಬೇಕಾದ್ದು ತಿನ್ನಿಸಿ ಅಂದರೆ ಅದಕ್ಕೆ ಒಂದೇ ಅರ್ಥ. ಮಕ್ಕಳಿಬ್ಬರೂ ಬಾಗಿಲ ಹೊರಗೆ ಕೂತು ಅತ್ತರಂತೆ. ಆಮೇಲೆ ಒಬ್ಬ ದೇವದುರ್ಗದಲ್ಲಿದ್ದ ಅಕ್ಕನಿಗೆ ಹೇಳಿಕಳಿಸಿದ. ಇನ್ನೊಬ್ಬ ಊರಿಗೆ ಹೋಗಿ ಜಾಗ ನೋಡಿ, ಕುಣಿ ತೆಗೆಯಲು ಆಳುಗಳಿಗೆ ಹೇಳಿ ಬಂದ.

ಮರುದಿನ ಮಧ್ಯಾಹ್ನ ನಾನು ಬಸ್ಸಿಳಿದಾಗ ದವಾಖಾನೆಯಿಂದ ಭಜನೆ ಕೇಳಿಸುತ್ತಿತ್ತು. ಯಾರು ಹೋದರು ಅಂತ ಓಡಿದೆ. ಒಳಗೆ ಹೆಂಗಸರು ಗೋಡೆಗೆ ಒರಗಿ ಕೂತು ದನಿ ತೆಗೆದು ಅಳುತ್ತಿದ್ದಾರೆ. ಊದಿನಕಡ್ಡಿ ಹೊಗೆ ಎದುರು ಕಾಣದಷ್ಟು. ಹೊಗೆಯ ನಡುವೆ ಮಂಚದ ಮೇಲೆ ಮುದುಕನನ್ನು ಕೂಡಿಸಿದ್ದಾರೆ, ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡು ಹೂವಿನ ಮಾಲೆ, ಬೆನ್ನಿಗೆ ದಿಂಬು. ಕಣ್ಣು ಮುಚ್ಚಿವೆ. ನಾನು ಹತ್ತಿರ ಹೋದೆ. ಹೆಣದ ದವಡೆ ಆಡಿತು. ಮತ್ತೆ ಆಡಿತು. ಬಾಯಿಯ ಅಂಚಿನಲ್ಲಿ ಚಟ್ನಿ ಇತ್ತು.

ಮುದುಕ ಬಸ್‌ಸ್ಟ್ಯಾಂಡ್ ಹೋಟೆಲಿನ ದೋಸೆ ತಿನ್ನುತ್ತಿದ್ದ. ಮಗಳು ತುತ್ತು ಇಡುತ್ತಿದ್ದಳು, ಕಣ್ಣೀರು ಸುರಿಸುತ್ತಿದ್ದಳು. ಮುದುಕನಿಗೂ ತಾನು ಹೊರಟಿದ್ದೇನೆಂದು ಮನವರಿಕೆಯಾಗಿತ್ತು. ಎತ್ತು ಯಾರಿಗೆ, ಹೊಲ ಯಾರಿಗೆ ಅಂತ ಹೇಳಿ ಮುಗಿಸಿ, ಇನ್ನೊಂದು ದೋಸೆ ಇದೆಯೇನು ಅಂತ ಮೆಲ್ಲಗೆ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಚೆಂಡು ಹೂವು, ಹೊಗೆ, ಹಾಡು, ಊಟ, ಸುತ್ತ ಕುಟುಂಬ. ಅವರು ತಮ್ಮೂರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಇವರೂ ಇವತ್ತೇ ಸತ್ತವರ ದಿನ ಮಾಡುತ್ತಿದ್ದಾರೆ ಅಂದುಕೊಂಡರು. ಕಣ್ಣು ತುಂಬಿ ಬಂತು. ಕೋಣೆಗೆ ಹೋಗಿ ಅಪ್ಪನ ಫೋಟೊ, ಉರಿಯುವ ಮೇಣದಬತ್ತಿ ಎರಡನ್ನೂ ತಂದು ಮುದುಕನ ಮಗ್ಗುಲಲ್ಲೇ ಇಟ್ಟು ಕೈ ಮುಗಿದು ನಿಂತರು. ಭಜನೆ ನಿಂತಿತು. ಅಳುವೂ ನಿಂತಿತು.

ಫೋಟೊದಲ್ಲಿ ದೊಡ್ಡ ಮೀಸೆಯ, ಕರೀ ಕೋಟಿನ ಮನುಷ್ಯ. ಮುದುಕ ಅಗಿಯುವುದನ್ನು ನಿಲ್ಲಿಸಿ ಅವನನ್ನು ಬಹಳ ಹೊತ್ತು ನೋಡಿದ.

"ಇವ್ರು ಯಾರ್ರಿ?"

"ನಮ್ಮಪ್ಪ" ಅಂದರು ಡಾಕ್ಟರಮ್ಮ, ಅಡುಗೆಯವಳು ಕಲಿಸಿದ ಚೊಕ್ಕ ಕನ್ನಡದಲ್ಲಿ. "ಸತ್ತು ಭಾಳ ವರ್ಷ ಆತು. ಇವತ್ತ ಬರ್ತಾರ. ಇಲ್ಲಿಗೇ ಬರ್ತಾರ."

ಮುದುಕ ಸುತ್ತ ಇದ್ದವರ ಮುಖ ಒಂದೊಂದಾಗಿ ನೋಡಿದ. ಮೇಣದಬತ್ತಿಯ ಜ್ವಾಲೆ ಯಾವ ಗಾಳಿಗೋ ಒಂದು ಸಲ ಬಾಗಿ ನೆಟ್ಟಗಾಯಿತು. ಅಷ್ಟು ಸಾಕಾಯಿತು. ಮಾಲೆ ಕಿತ್ತೆಸೆದು, ಧೋತರ ಎತ್ತಿ ಕಟ್ಟಿ, ಮಂಚದ ಆ ಬದಿಯಿಂದ ಇಳಿದ. ಕೂತ ಹೆಂಗಸರನ್ನು ದಾಟಿ, ಭಜನೆಯವರನ್ನು ದಾಟಿ, ಹೊರಗೆ ಹೋದ. ಹಿಂದೆ ಮಕ್ಕಳು, ಅವರ ಹಿಂದೆ ಬೀಗರು. ಊರಿನ ದಾರಿಯಲ್ಲಿ ಕುಣಿ ತೆಗೆದು ಮುಗಿಸಿ ಸಲಿಕೆ ಹೊತ್ತು ಎದುರು ಬರುತ್ತಿದ್ದ ಆಳುಗಳು ಹೆಣ ತಾನೇ ನಡೆದು ಬರುವುದನ್ನು ನೋಡಿ ಸಲಿಕೆ ಬಿಟ್ಟು ಜೋಳದ ಹೊಲ ಹೊಕ್ಕರಂತೆ. ಅವರಲ್ಲೊಬ್ಬನಿಗೆ ಆಮೇಲೆ ನಾವೇ ಜ್ವರದ ಔಷಧಿ ಕೊಟ್ಟೆವು.

ಮುದುಕನ ಪುಪ್ಪುಸ ಮತ್ತೆ ಕೆಟ್ಟರೆ ಗತಿಯೇನು ಅಂತ ನಮಗೆ ಚಿಂತೆ. ಹನ್ನೆರಡನೇ ತಾರೀಖಿಗಾದರೂ ತೋರಿಸಿಕೊಂಡು ಹೋಗು ಅಂತ ನಾನು ಕನ್ನಡದಲ್ಲೇ, ಬಿಡಿಸಿ ಬಿಡಿಸಿ, ಮಕ್ಕಳ ಕೈಲಿ ಹೇಳಿಕಳಿಸಿದೆ.

ಬಂದ. ಗುಂಡುಕಲ್ಲಿನ ಹಾಗಿದ್ದ. ಆದರೆ ಗೇಟಿನ ಹೊರಗೇ ನಿಂತು, ಅಂಗಿ ತೋಳು ಮೇಲೇರಿಸಿ, ಗೇಟಿನ ಸಂದಿಯಿಂದ ಕೈಯನ್ನು ಒಳಗೆ ಚಾಚಿ ನನ್ನನ್ನು ಕೂಗಿದ.

"ನರ್ಸಮ್ಮಾ, ಡಾಕ್ಟರಮ್ಮನ ಅಪ್ಪ ಹೊಳ್ಳಿ ಹೋಗಿದ್ರ ಒಳಗ ಬರ್ತೀನಿ. ಇನ್ನೂ ಇದ್ರ, ಸೂಜಿ ಇಲ್ಲೇ ಚುಚ್ಚಿಬಿಡ್ರಿ."